ಹೆಸರನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿದೆ?

ಪೇಟೆಬೀದಿಯ ಅಂಗಡಿಗಳಿಗೆ ಈಚೆಗೆ ಹೊಸ ತರದ ಏಜೆಂಟರು ಬಂದುಹೋಗುತ್ತಿದ್ದಾರೆ. ಹಿಂದಿನವರು ಕ್ಯಾಲೆಂಡರಿನ ಮೇಲೆ ಅಂಗಡಿಯ ಹೆಸರು ಅಚ್ಚು ಹಾಕಿಸುತ್ತೇವೆ, ಟಾಕೀಸಿನಲ್ಲಿ ಸ್ಲೈಡು ತೋರಿಸುತ್ತೇವೆ, ಬಸ್‌ಸ್ಟ್ಯಾಂಡಿನ ಗೋಡೆಗೆ ಬರೆಸುತ್ತೇವೆ ಎನ್ನುತ್ತಿದ್ದರು. ಈಗ ಬರುವವರು ಅಂಥದ್ದೇನನ್ನೂ ಹೇಳುವುದಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಒಂದು ಕಾಗದ ಬಿಚ್ಚಿಟ್ಟು, ನಿಮ್ಮ ಅಂಗಡಿಯ ಹೆಸರನ್ನು ತಿಂಗಳಿಗೆ ಇಷ್ಟು ಜನ ಗೂಗಲ್‌ನಲ್ಲಿ ಹುಡುಕುತ್ತಾರೆ, ಎದುರು ಸಾಲಿನವರ ಹೆಸರನ್ನು ಇದರ ಹತ್ತರಷ್ಟು ಜನ ಹುಡುಕುತ್ತಾರೆ, ನೀವು ಹಿಂದೆ ಬಿದ್ದಿದ್ದೀರಿ ಎನ್ನುತ್ತಾರೆ. ಮೂವತ್ತು ವರ್ಷ ವ್ಯಾಪಾರ ಮಾಡಿದ ವರ್ತಕರೂ ಆ ಕಾಗದದ ಮುಂದೆ ತಬ್ಬಿಬ್ಬಾಗುತ್ತಾರೆ. ಈ ಸಂಖ್ಯೆ ಎಲ್ಲಿಂದ ಬಂತಪ್ಪ ಎಂದು ಕೇಳಿದರೆ "ಡೇಟಾ ಸಾರ್" ಎಂಬುದೊಂದೇ ಉತ್ತರ. ಅಕ್ಕಿ ಎಲ್ಲಿಯದೆಂದು ಕೇಳಿದರೆ ಚೀಲದ್ದೆಂದು ಹೇಳಿದಂತಾಯಿತು.

ಆ ಚೀಲಕ್ಕೆ ಅಕ್ಕಿ ಎಲ್ಲಿಂದ ಬಂತೆಂಬುದನ್ನು ಈ ವಾರ ವಾಚಕರ ಮುಂದಿಡಬೇಕೆಂದಿದ್ದೇವೆ. ಇದು ವರ್ತಕರ ವಿಚಾರ, ಪಾಳಿಗೆ ಹೋಗುವ ನಮಗೇಕೆ ಎಂದು ಗಿರಣಿಯ ಬಂಧುಗಳು ಪುಟ ಮಗುಚಬಾರದು. ಚೀಲ ತುಂಬಿರುವುದು ಅವರ ಮನೆಯ ಕಾಳಿನಿಂದಲೂ ಹೌದು.

ಸರಕು ತಯಾರಿಸುವ ಕಂಪೆನಿಗೆ ತನ್ನ ಮಾರ್ಕಿನ ಹೆಸರು ಜನರ ಮನಸ್ಸಿನಲ್ಲಿ ಎಷ್ಟು ನಿಂತಿದೆಯೆಂದು ತಿಳಿಯುವ ಆಸೆ ಹಳೆಯದು. ಅದಕ್ಕಾಗಿ ಮನೆಮನೆಗೆ ಜನ ಕಳಿಸಿ ಯಾವ ಸೋಪು ಹಚ್ಚುತ್ತೀರಿ, ಯಾವ ಚಹಾಪುಡಿ ತರುತ್ತೀರಿ ಎಂದು ಕೇಳಿಸುತ್ತಿದ್ದರು; ಈಗಲೂ ಕೇಳಿಸುತ್ತಾರೆ. ಅಮೆರಿಕದ ನೀಲ್ಸನ್ ಕಂಪೆನಿ 1930ರ ದಶಕದಲ್ಲಿಯೇ ಅಂಗಡಿಗಳ ದಾಸ್ತಾನು ಎಣಿಸಿ ಆ ಲೆಕ್ಕವನ್ನು ಮಾರತೊಡಗಿತು. ಇದೆಲ್ಲ ಖರ್ಚಿನ ಬಾಬು. ತಿಂಗಳುಗಟ್ಟಲೆ ಕಾಯಬೇಕು. ಮೇಲಾಗಿ ಮನೆ ಬಾಗಿಲಿಗೆ ಬಂದವನಿಗೆ ಜನ ನಿಜ ಹೇಳುತ್ತಾರೆಂಬ ಭರವಸೆಯಿಲ್ಲ. ಅಗ್ಗದ ಸೋಪು ಹಚ್ಚುವವರೂ ಮರ್ಯಾದೆಗೆ ದುಬಾರಿಯದರ ಹೆಸರು ಹೇಳಿಬಿಡುತ್ತಾರೆ.

ಹುಡುಕುಯಂತ್ರಗಳು ಬಂದ ಮೇಲೆ ಈ ತೊಡಕು ಒಂದೇ ಏಟಿಗೆ ಬಗೆಹರಿದಂತೆ ಕಂಡಿತು. ಮನುಷ್ಯ ನೆರೆಯವರ ಮುಂದೆ ಹೇಳದ್ದನ್ನು, ಹೆಂಡತಿಯ ಮುಂದೆಯೂ ಹೇಳದ್ದನ್ನು, ಆ ಪೆಟ್ಟಿಗೆಯಲ್ಲಿ ಟೈಪು ಮಾಡಿ ಕೇಳುತ್ತಾನೆ. ಸಾಲ ಎಲ್ಲಿ ಸಿಕ್ಕೀತು, ಈ ಗಂಟು ಯಾವ ರೋಗದ್ದು, ಆ ಮಾರ್ಕಿನ ಗ್ರೈಂಡರಿಗೆ ಬೆಲೆಯೆಷ್ಟು ಎಲ್ಲವನ್ನೂ ಕೇಳುತ್ತಾನೆ. ಕೇಳಿದ್ದೆಲ್ಲ ಅಲ್ಲಿ ದಾಖಲಾಗುತ್ತದೆ. 2020ರಲ್ಲಿ ಲಂಡನ್ನಿನ ಲೆಸ್ ಬಿನೆಟ್ ಎಂಬ ಜಾಹೀರಾತು ತಜ್ಞರು ಇದರಿಂದ ಒಂದು ಅಳತೆಯನ್ನು ತಯಾರಿಸಿ ಮುಂದಿಟ್ಟರು. ಅದರ ಹೆಸರು ಹುಡುಕಾಟದ ಪಾಲು. ಒಂದು ವ್ಯಾಪಾರದಲ್ಲಿರುವ ಎಲ್ಲ ಮಾರ್ಕುಗಳ ಹೆಸರನ್ನೂ ಜನ ಎಷ್ಟು ಸಲ ಹುಡುಕಿದರೆಂದು ಕೂಡಿಸಿ, ಅದರಲ್ಲಿ ಒಂದು ಮಾರ್ಕಿನ ಪಾಲು ನೂರಕ್ಕೆಷ್ಟು ಎಂದು ನೋಡುವುದು, ಅಷ್ಟೆ. ಬ್ರಿಟನ್ನಿನ ಕಾರು, ಗ್ಯಾಸು-ವಿದ್ಯುತ್ತು, ಮೊಬೈಲ್ ಫೋನು ಈ ಮೂರು ವ್ಯಾಪಾರಗಳಲ್ಲಿ ಅವರು ಇದನ್ನು ಪರೀಕ್ಷಿಸಿದರು. ಹುಡುಕಾಟದ ಪಾಲೂ ಮಾರಾಟದ ಪಾಲೂ ಜತೆಜತೆಗೆ ಏರಿಳಿಯುತ್ತವೆ, ಕಾರಿನ ವ್ಯಾಪಾರದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಒಂದು ವರ್ಷ ಮುಂದಾಗಿಯೇ ಸೂಚನೆ ಕೊಡುತ್ತದೆ ಎಂದು ತೋರಿಸಿದರು. ಕಂಪೆನಿಗಳ ಒಡೆಯರಿಗೆ ಇನ್ನೇನು ಬೇಕು? ಕವಡೆ ಹಾಕದೆ ಶಕುನ ಸಿಕ್ಕಿತು.

ಬಿನೆಟರ ಕೆಲಸವನ್ನು ನಾವು ತೆಗೆದುಹಾಕುವುದಿಲ್ಲ. ಕಾರು ಕೊಳ್ಳುವವರು ಕೊಳ್ಳುವ ಮೊದಲು ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಆದ್ದರಿಂದ ವಿಚಾರಣೆ ಹೆಚ್ಚಿದರೆ ಮಾರಾಟ ಹೆಚ್ಚೀತೆಂಬುದು ನ್ಯಾಯವಾದ ಮಾತೇ. ಬೆಂಕಿಪೊಟ್ಟಣವನ್ನೂ ಬೀಡಿಯನ್ನೂ ಯಾರು ಗೂಗಲ್‌ನಲ್ಲಿ ಹುಡುಕಿ ಕೊಂಡಿದ್ದಾರೆ? ಆ ಮಾತು ಹಾಗಿರಲಿ. ನಮ್ಮ ಪ್ರಶ್ನೆ ಅದಕ್ಕಿಂತ ಕೆಳಗಿನದು. ಕೂಡಿಸಿ ಭಾಗಿಸುವುದಕ್ಕೆ ಮೊದಲು ಎಣಿಕೆ ಬೇಕಲ್ಲವೆ? ಆ ಎಣಿಕೆ ಯಾರದು?

ಗೂಗಲ್ ತನ್ನ ಎಣಿಕೆಯನ್ನು ಎರಡು ಕಿಟಕಿಗಳಲ್ಲಿ ತೋರಿಸುತ್ತದೆ. ಒಂದರ ಹೆಸರು ಟ್ರೆಂಡ್ಸ್. 2006ರಲ್ಲಿ ತೆರೆದ ಈ ಕಿಟಕಿಯಲ್ಲಿ 2004ರಿಂದೀಚಿನ ಲೆಕ್ಕವಿದೆ; ಯಾರು ಬೇಕಾದರೂ ಬಿಟ್ಟಿಯಾಗಿ ಇಣುಕಬಹುದು. ಆದರೆ ಅಲ್ಲಿ ಕಾಣುವುದು ಎಷ್ಟು ಸಲ ಹುಡುಕಿದರೆಂಬ ಸಂಖ್ಯೆಯಲ್ಲ, 0ಯಿಂದ 100ರವರೆಗಿನ ಒಂದು ಅಂಕ. ಎಲ್ಲ ಹುಡುಕಾಟಗಳನ್ನೂ ಎಣಿಸುವುದಿಲ್ಲ, ಮಾದರಿಗೆಂದು ಕೆಲವನ್ನು ತೆಗೆಯುತ್ತಾರೆ. ಹಾಗೆ ತೆಗೆದದ್ದರಲ್ಲಿ ನಿಮ್ಮ ಪದ ಎಷ್ಟು ಸಲ ಬಂದಿದೆಯೋ ಅದನ್ನು ಆ ಊರಿನ, ಆ ಕಾಲದ ಒಟ್ಟು ಹುಡುಕಾಟದಿಂದ ಭಾಗಿಸುತ್ತಾರೆ. ಅತಿ ಹೆಚ್ಚು ಬಂದ ದಿನಕ್ಕೋ ವಾರಕ್ಕೋ 100 ಕೊಟ್ಟು ಉಳಿದವನ್ನು ಅದಕ್ಕೆ ಹೊಂದಿಸುತ್ತಾರೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಅಭ್ಯಾಸ ನಮ್ಮನ್ನಿನ್ನೂ ಬಿಟ್ಟಿಲ್ಲವಾದ್ದರಿಂದ ಒಂದು ಉದಾಹರಣೆ ಬಿಡಿಸೋಣ. ಒಂದು ಕಡೆ ಮೊದಲು ಒಟ್ಟು 1,000 ಪ್ರಶ್ನೆಗಳಿದ್ದವು, ಅವುಗಳಲ್ಲಿ 10 ಒಂದು ಮಾರ್ಕಿನ ಕೊಡೆಯ ವಿಷಯ. ಮುಂದೆ ಎಲ್ಲರ ಕೈಗೂ ಫೋನು ಬಂದು ಪ್ರಶ್ನೆಗಳು 5,000 ಆದವು, ಕೊಡೆಯವು 20 ಆದವು. ಕೊಡೆ ಕೇಳಿದವರು ಇಮ್ಮಡಿಯಾದರು. ಆದರೆ ನೂರಕ್ಕೆ 1 ಇದ್ದದ್ದು ನೂರಕ್ಕೆ 0.4 ಆಯಿತು, ಟ್ರೆಂಡ್ಸಿನ ಗೆರೆ 100ರಿಂದ 40ಕ್ಕೆ ಇಳಿಯಿತು. ಏಜೆಂಟ್ ಮಹಾಶಯರು ಆ ಗೆರೆಯನ್ನು ತೋರಿಸಿ ನಿಮ್ಮ ಕೊಡೆ ಮುಳುಗಿತೆನ್ನುತ್ತಾರೆ!

ಇನ್ನೊಂದು ಮಾತು ಈ ಕಿಟಕಿಯ ಬಗ್ಗೆ. ಪದವನ್ನು ಟೈಪು ಮಾಡಿದ ಹಾಗೆಯೇ ಹುಡುಕಿದರೆ ಸ್ಪೆಲಿಂಗು ತಪ್ಪಾಗಿ ಬರೆದವರ ಲೆಕ್ಕ ಅದರಲ್ಲಿ ಸೇರುವುದಿಲ್ಲ. ಒಂದು ಹೆಸರನ್ನು ನಮ್ಮ ಜನ ಕನ್ನಡ ಅಕ್ಷರದಲ್ಲಿ ಒಂದು ಬಗೆ, ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆ ಬರೆಯುತ್ತಾರೆ. ಅವನ್ನೆಲ್ಲ ಒಂದೇ ವಿಷಯವೆಂದು ಕೂಡಿಸಿ ತೋರಿಸುವ ಏರ್ಪಾಡು ಬೇರೆ ಇದೆ, ಆದರೆ ಅದು ಹೆಸರಾಂತ ವಿಷಯಗಳಿಗೆ. ತಾಲ್ಲೂಕಿನ ಜವಳಿ ಅಂಗಡಿಗೆ ಆ ಭಾಗ್ಯವೆಲ್ಲಿ? ಹುಡುಕಿದವರು ತೀರ ಕಡಿಮೆಯಾದರೆ ಅಲ್ಲಿ ಕಾಣುವುದು 0. ಈ ಸೊನ್ನೆಗೆ ಯಾರೂ ಹುಡುಕಲಿಲ್ಲವೆಂದು ಅರ್ಥವಲ್ಲ, ಎಣಿಸುವವರ ಕಣ್ಣಿಗೆ ಕಾಣುವಷ್ಟು ಹುಡುಕಲಿಲ್ಲವೆಂದು ಅರ್ಥ. ಸಣ್ಣ ವರ್ತಕರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎರಡನೆಯ ಕಿಟಕಿ ಕೀವರ್ಡ್ ಪ್ಲಾನರ್, 2013ರದು. ಇದನ್ನು ಮಾಡಿರುವುದೇ ಜಾಹೀರಾತು ಕೊಡುವವರಿಗಾಗಿ. ಇಲ್ಲಿ ತಿಂಗಳ ಸರಾಸರಿ ಹುಡುಕಾಟ ಇಷ್ಟೆಂದು ಸಂಖ್ಯೆಯೇ ಸಿಗುತ್ತದೆ, ಆದರೆ ಎಲ್ಲರಿಗೂ ಅಲ್ಲ. 2016ರಿಂದ, ಜಾಹೀರಾತಿಗೆ ಹೆಚ್ಚು ದುಡ್ಡು ಸುರಿಯದವರಿಗೆ "100ರಿಂದ 1,000", "1,000ದಿಂದ 10,000" ಎಂಬಂಥ ಅಂದಾಜು ಮಾತ್ರ ತೋರಿಸುತ್ತಾರೆ. ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಎಷ್ಟು ತೂಗಿತೆಂದು ಕೇಳಿದರೆ ಒಂದು ಕಿಲೋದಿಂದ ಹತ್ತು ಕಿಲೋ ಎನ್ನುವುದು, ನೂರು ರೂಪಾಯಿ ಹೆಚ್ಚು ಕೊಟ್ಟರೆ ಸರಿಯಾಗಿ ಹೇಳುತ್ತೇನೆನ್ನುವುದು! ಯಾವ ಸಂತೆಯಲ್ಲಿ ಇದನ್ನು ಜನ ಸಹಿಸಿಯಾರು? ಹೋಗಲಿ, ಪೂರ್ತಿ ಸಂಖ್ಯೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದು ಹನ್ನೆರಡು ತಿಂಗಳ ಸರಾಸರಿ. ಗೌರಿಗಣೇಶನ ಮೂರ್ತಿಯನ್ನು ಒಂದೇ ತಿಂಗಳಲ್ಲಿ 24,000 ಸಲ ಹುಡುಕಿ ಉಳಿದ ಹನ್ನೊಂದು ತಿಂಗಳು ಯಾರೂ ಹುಡುಕದಿದ್ದರೂ ಸರಾಸರಿ 2,000 ಎಂದು ಬರುತ್ತದೆ. ಯಾವ ತಿಂಗಳೂ ನಡೆಯದ ವ್ಯಾಪಾರ ಅದು. ತಿಂಗಳವಾರು ಪಟ್ಟಿಯೂ ಅಲ್ಲಿರುತ್ತದೆ, ಆದರೆ ಏಜೆಂಟರ ಕಾಗದದಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ.

ಈ ಎರಡು ಕಿಟಕಿಗಳಲ್ಲಿ ತೃಪ್ತಿಯಾಗದವರಿಗಾಗಿ ಮಧ್ಯವರ್ತಿಗಳ ಒಂದು ದೊಡ್ಡ ಮಂಡಿಯೇ ಬೆಳೆದಿದೆ. ಸೆಮ್‌ರಷ್, ಏಚ್‌ರೆಫ್ಸ್ ಮೊದಲಾದ ಕಂಪೆನಿಗಳು ತಿಂಗಳ ಚಂದಾ ಪಡೆದು ಯಾವ ಪದವನ್ನು ಎಷ್ಟು ಸಲ ಹುಡುಕಿದರೆಂದು ಹೇಳುತ್ತವೆ. ಇದು ಸಣ್ಣ ವ್ಯವಹಾರವೆಂದು ತಿಳಿಯಬೇಡಿ. ಸೆಮ್‌ರಷ್ಷನ್ನು ಸುಮಾರು 190 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದವನ್ನು ಅಡೋಬಿ ಕಂಪೆನಿ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಇಂಥ ಮಂಡಿಗಳಲ್ಲಿ ಸಿಗುವ ಸಂಖ್ಯೆಗಳು ಗೂಗಲ್‌ನ ಕಿಟಕಿಯಿಂದ ಕಂಡದ್ದಕ್ಕೆ ಇನ್ನೊಂದು ಸರಕನ್ನು ಬೆರೆಸಿ, ಗಣಿತದಿಂದ ತಿದ್ದಿ ತಯಾರಾದವು. ಆ ಇನ್ನೊಂದು ಸರಕಿಗೆ ಕ್ಲಿಕ್‌ಸ್ಟ್ರೀಮ್ ಎನ್ನುತ್ತಾರೆ. ಅಂದರೆ ಸಾಮಾನ್ಯ ಜನ ತಮ್ಮ ಯಂತ್ರದಲ್ಲಿ ಯಾವ ಪುಟ ತೆರೆದರು, ಏನು ಹುಡುಕಿದರು, ಏನನ್ನು ಒತ್ತಿದರು ಎಂಬುದರ ಹೆಜ್ಜೆ ಹೆಜ್ಜೆಯ ದಾಖಲೆ.

ಈ ದಾಖಲೆ ಹೇಗೆ ಕೈಗೆ ಬರುತ್ತದೆ? ಕೆಲವು ಕಡೆ ಜನರನ್ನು ಕೇಳಿ, ಒಪ್ಪಿಗೆ ಪಡೆದು, ಅಷ್ಟಿಷ್ಟು ಪ್ರತಿಫಲ ಕೊಟ್ಟು ಸಂಗ್ರಹಿಸುತ್ತಾರೆ. ಅದಕ್ಕೆ ನಮ್ಮ ತಕರಾರಿಲ್ಲ. ಇನ್ನು ಕೆಲವು ಕಡೆ ಹೇಗೆ ಬರುತ್ತಿತ್ತೆಂಬುದಕ್ಕೆ ಅವಾಸ್ಟ್ ಕಂಪೆನಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಅವಾಸ್ಟ್ ಎಂಬುದು ಝೆಕ್ ದೇಶದಲ್ಲಿ ಹುಟ್ಟಿದ, ಕಂಪ್ಯೂಟರಿಗೆ ವೈರಸ್ ತಗುಲದಂತೆ ಕಾಯುವ ಸಾಧನ ತಯಾರಿಸುವ ಕಂಪೆನಿ. ಅದರ ಸಾಧನವನ್ನು ಲೋಕದಾದ್ಯಂತ ಕೋಟಿಗಟ್ಟಲೆ ಜನ ಬಿಟ್ಟಿಯಾಗಿ ಹಾಕಿಕೊಂಡಿದ್ದರು. ನಿಮ್ಮ ಬೆನ್ನ ಹಿಂದೆ ಯಾರೂ ನಿಮ್ಮನ್ನು ಗಮನಿಸದಂತೆ ಕಾಯುತ್ತೇವೆಂಬುದು ಅದರ ಪ್ರಚಾರ. ಈ ಕಂಪೆನಿಗೆ ಜಂಪ್‌ಶಾಟ್ ಎಂಬ ಒಂದು ಮರಿ ಕಂಪೆನಿಯಿತ್ತು. ಕಾವಲಿಗಿಟ್ಟ ಸಾಧನವೂ ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್ನೂ ಮನೆಯೊಳಗೆ ಕಂಡದ್ದನ್ನೆಲ್ಲ ಬರೆದುಕೊಂಡವು, ಮರಿ ಕಂಪೆನಿ ಅದನ್ನು ಹೊರಗೆ ಮಾರಿತು. ಹತ್ತು ಕೋಟಿ ಯಂತ್ರಗಳ ಮಾಹಿತಿ ತನ್ನಲ್ಲಿದೆಯೆಂದು ಅದು ಗಿರಾಕಿಗಳ ಮುಂದೆ ಹೇಳಿಕೊಂಡಿತ್ತು. 2020ರ ಜನವರಿಯಲ್ಲಿ ಮದರ್‌ಬೋರ್ಡ್, ಪಿಸಿಮ್ಯಾಗ್ ಎಂಬ ಎರಡು ಪತ್ರಿಕೆಗಳು ಸೇರಿ ಇದನ್ನು ಬಯಲಿಗೆಳೆದವು. ಆ ತಿಂಗಳು ಮುಗಿಯುವುದರೊಳಗೆ ಅವಾಸ್ಟ್ ಮರಿ ಕಂಪೆನಿಯ ಬಾಗಿಲು ಹಾಕಿತು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿ 2024ರ ಫೆಬ್ರವರಿಯಲ್ಲಿ ಹೇಳಿದ್ದೇನು? ಈ ಮಾಹಿತಿಯನ್ನು ನೂರಕ್ಕೂ ಹೆಚ್ಚು ಕಂಪೆನಿಗಳಿಗೆ ಮಾರಲಾಗಿತ್ತು. ಜನರ ಮತಧರ್ಮ, ಕಾಯಿಲೆ, ಹಣಕಾಸು, ಇರುವ ಸ್ಥಳ ಇವೆಲ್ಲ ಅದರಲ್ಲಿ ಕಾಣುತ್ತಿದ್ದವು. ಹೆಸರು ತೆಗೆದಿದ್ದೇವೆಂದು ಹೇಳಿದರೂ ಪ್ರತಿ ಬ್ರೌಸರಿಗೂ ಒಂದು ಗುರುತಿನ ಸಂಖ್ಯೆಯನ್ನು ಉಳಿಸಿಕೊಂಡಿದ್ದರು. ಕಂಪೆನಿ 1 ಕೋಟಿ 65 ಲಕ್ಷ ಡಾಲರ್ ಕೊಡಬೇಕೆಂದೂ, ಇನ್ನು ಮುಂದೆ ಇಂಥ ಮಾಹಿತಿಯನ್ನು ಜಾಹೀರಾತಿನ ಕೆಲಸಕ್ಕೆ ಮಾರಕೂಡದೆಂದೂ ತೀರ್ಮಾನವಾಯಿತು. ಗೂರ್ಖಾನನ್ನು ಬಿಟ್ಟಿಗೆ ಕಳಿಸಿಕೊಟ್ಟು, ಅವನು ರಾತ್ರಿ ಕಿಟಕಿಯಿಂದ ಇಣುಕಿ ಬರೆದುಕೊಂಡದ್ದನ್ನು ಹಗಲು ಪೇಟೆಯಲ್ಲಿ ಮಾರಿದ ಹಾಗಾಯಿತು.

ಹೆಸರಿಲ್ಲದ ಮೇಲೆ ತೊಂದರೆಯೇನು ಎನ್ನುವವರು 2006ರ ಆಗಸ್ಟಿನಲ್ಲಿ ನಡೆದುದನ್ನು ನೆನೆಯಬೇಕು. ಅಮೆರಿಕದ ಎಓಎಲ್ ಕಂಪೆನಿ ಸುಮಾರು 6 ಲಕ್ಷ 50 ಸಾವಿರ ಜನ ಮೂರು ತಿಂಗಳಲ್ಲಿ ಹುಡುಕಿದ ಸುಮಾರು ಎರಡು ಕೋಟಿ ಪ್ರಶ್ನೆಗಳನ್ನು, ಹೆಸರಿನ ಬದಲು ಅಂಕಿ ಹಾಕಿ, ಸಂಶೋಧಕರಿಗೆಂದು ಹೊರಗೆ ಬಿಟ್ಟಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಅದರಲ್ಲಿ ಒಂದು ಅಂಕಿಯ ಪ್ರಶ್ನೆಗಳನ್ನಷ್ಟೇ ಓದಿ, ಅವನ್ನು ಕೇಳಿದ ವೃದ್ಧ ಮಹಿಳೆಯ ಮನೆಯನ್ನು ಕೆಲವೇ ದಿನಗಳಲ್ಲಿ ಪತ್ತೆಹಚ್ಚಿದರು. ಮನುಷ್ಯ ಏನು ಕೇಳುತ್ತಾನೆಂಬುದೇ ಅವನ ವಿಳಾಸ.

ಈಗ ಗಿರಣಿಯ ಬಂಧುಗಳಿಗೆ ಸಂಬಂಧ ತಿಳಿದಿರಬೇಕು. ಹತ್ತಿ ಬೆಳೆದವನಿಗೆ ಕ್ರಯವುಂಟು, ಅದು ಸಾಲದೆಂಬುದು ಬೇರೆ ಮಾತು. ನೂತವನಿಗೆ ಕೂಲಿಯುಂಟು, ಅದಕ್ಕಾಗಿ ಹೋರಾಡಬೇಕೆಂಬುದೂ ಬೇರೆ ಮಾತು. ಆದರೆ ರಾತ್ರಿ ಪಾಳಿ ಮುಗಿಸಿ ಬಂದು ಮಗುವಿನ ಕೆಮ್ಮಿಗೆ ಔಷಧಿ ಯಾವುದೆಂದು ಫೋನಿನಲ್ಲಿ ಕೇಳಿದವನ ಪ್ರಶ್ನೆ ಇನ್ನೊಬ್ಬರ ಕಾರ್ಖಾನೆಗೆ ಕಚ್ಚಾ ಸಾಮಗ್ರಿಯಾಗಿ ಹೋಗುವಾಗ ಅದಕ್ಕೆ ಕ್ರಯವೂ ಇಲ್ಲ, ಕೂಲಿಯೂ ಇಲ್ಲ, ರಸೀದಿಯೂ ಇಲ್ಲ. ಬಿಟ್ಟಿಯಾಗಿ ಹುಡುಕಿಕೊಡುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಗೂಗಲ್‌ನ ಒಡೆತನದ ಆಲ್ಫಾಬೆಟ್ ಕಂಪೆನಿಯ 2023ರ ವರಮಾನ ಸುಮಾರು 30,700 ಕೋಟಿ ಡಾಲರ್. ಅದರಲ್ಲಿ ಜಾಹೀರಾತಿನಿಂದ ಬಂದದ್ದೇ ಸುಮಾರು 23,800 ಕೋಟಿ ಡಾಲರ್. ಆ ಜಾಹೀರಾತಿನ ಖರ್ಚನ್ನು ಸೋಪಿನ ಬೆಲೆಯಲ್ಲಿ, ಅಂಗಿಯ ಬೆಲೆಯಲ್ಲಿ ಸೇರಿಸಿ ಕೊಡುವವರು ನಾವೇ. ಬಿಟ್ಟಿಯೆಂಬ ಮಾತಿನ ಅರ್ಥವನ್ನು ವಾಚಕರೇ ತೂಗಲಿ. ಇನ್ನೂ ಒಂದಿದೆ. ಯಾವ ಮಾರ್ಕಿಗೆ ಹಣ ಹಾಕಬೇಕು, ಯಾವುದನ್ನು ಕೈಬಿಡಬೇಕೆಂದು ಆಡಳಿತ ಮಂಡಲಿಗಳು ಈ ಗೆರೆಗಳನ್ನು ನೋಡಿ ಮಾತಾಡುವ ಕಾಲ ಇದು. ಕೈಬಿಟ್ಟ ಮಾರ್ಕಿನ ಜತೆಗೆ ಅದನ್ನು ತಯಾರಿಸುವ ಪಾಳಿಯೂ ಹೋಗುತ್ತದೆ.

ಹೀಗಿರುವಲ್ಲಿ ಗೆರೆ ಹೇಳುವುದು ನಿಜವೇ ಎಂದು ಕೇಳುವ ಹಕ್ಕು ನಮಗಿಲ್ಲವೆ? ಹುಡುಕಿದವರೆಲ್ಲ ಕೊಳ್ಳುವವರಲ್ಲ. 2015ರ ಜೂನ್ ತಿಂಗಳನ್ನು ನಮ್ಮ ಕಿರಾಣಿ ವರ್ತಕರು ಮರೆತಿರಲಾರರು. ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ನೂಡಲ್ಸನ್ನು ಮಾರುಕಟ್ಟೆಯಿಂದ ವಾಪಸು ತೆಗೆಸಿತು. ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಸರಕು ಮತ್ತೆ ಅಂಗಡಿಗೆ ಬಂದದ್ದು ನವೆಂಬರಿನಲ್ಲಿ. ಆ ಜೂನ್ ತಿಂಗಳಲ್ಲಿ ಮ್ಯಾಗಿಯ ಮಾತಾಡದ ಮನೆಯಿರಲಿಲ್ಲ, ಅಂಗಡಿಯಲ್ಲಿ ಒಂದು ಪೊಟ್ಟಣವೂ ಇರಲಿಲ್ಲ. ಹೆಸರು ಹುಡುಕಿದವರು ಸೀಸದ ಅಂಶವಿದೆಯೇ, ಮಕ್ಕಳು ತಿಂದದ್ದಕ್ಕೆ ಏನಾದೀತೆಂದು ಹುಡುಕಿದವರು. ನಮ್ಮದೇ ಮೈಸೂರು ಸ್ಯಾಂಡಲ್ ಸೋಪಿಗೆ 2025ರ ಮೇ ತಿಂಗಳಲ್ಲಿ ಹಿಂದೀ ಚಿತ್ರರಂಗದ ನಟಿಯೊಬ್ಬರನ್ನು ಎರಡು ವರ್ಷಕ್ಕೆ 6 ಕೋಟಿ 20 ಲಕ್ಷ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ ನಾಡಿನಲ್ಲೆಲ್ಲ ವಾದ ಎದ್ದಿತಷ್ಟೆ. ಆ ವಾರ ಸೋಪಿನ ಹೆಸರು ಹುಡುಕಿದವರಲ್ಲಿ ಸ್ನಾನಕ್ಕೆಂದು ಹುಡುಕಿದವರೆಷ್ಟು, ಜಗಳಕ್ಕೆಂದು ಹುಡುಕಿದವರೆಷ್ಟು? ಗೆರೆಗೆ ಎರಡೂ ಒಂದೇ.

ಎಣಿಸುವವರೇ ಇದರಲ್ಲಿ ಎಡವಿದ್ದಾರೆ. 2008ರಲ್ಲಿ ಗೂಗಲ್ ಸ್ವತಃ ಫ್ಲೂ ಟ್ರೆಂಡ್ಸ್ ಎಂಬುದನ್ನು ಆರಂಭಿಸಿ, ಜನರ ಹುಡುಕಾಟದಿಂದಲೇ ಫ್ಲೂ ಜ್ವರ ಎಲ್ಲಿ ಎಷ್ಟಿದೆಯೆಂದು ವೈದ್ಯರಿಗಿಂತ ಮೊದಲು ಹೇಳುತ್ತೇವೆಂದಿತು. 2012-13ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದರ ಲೆಕ್ಕ ವೈದ್ಯರ ಬಳಿಗೆ ನಿಜವಾಗಿ ಬಂದ ರೋಗಿಗಳ ಲೆಕ್ಕಕ್ಕಿಂತ ಎರಡು ಪಾಲು ಹೆಚ್ಚಾಯಿತು. 2015ರಲ್ಲಿ ಪ್ರಕಟಿಸುವುದನ್ನೇ ನಿಲ್ಲಿಸಿದರು. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ವಿದ್ವಾಂಸರು ಬೊಟ್ಟು ಮಾಡಿದ ಒಂದು ಕಾರಣ ನಮ್ಮ ವರ್ತಕರಿಗೆ ಬೇಗ ಅರ್ಥವಾಗುವಂಥದು. ಗೂಗಲ್ ತನ್ನ ಯಂತ್ರವನ್ನು ಆಗಾಗ್ಗೆ ಬದಲಿಸುತ್ತಿರುತ್ತದೆ. ನೀವು ಎರಡಕ್ಷರ ಟೈಪು ಮಾಡುವಷ್ಟರಲ್ಲಿ ಉಳಿದದ್ದನ್ನು ತಾನೇ ಸೂಚಿಸುತ್ತದೆ, ಜನ ಸೂಚಿಸಿದ್ದನ್ನೇ ಒತ್ತುತ್ತಾರೆ, ಒತ್ತಿದ್ದು ಎಣಿಕೆಗೆ ಬರುತ್ತದೆ. ತೂಗುವವನ ಕೈ ತಕ್ಕಡಿಯ ಮೇಲೆಯೇ ಇದ್ದ ಹಾಗೆ.

ತಕ್ಕಡಿಯ ಮಾತು ಬಂದಿತು. 1956ರ ಕಾಯಿದೆ ಸೇರು, ಮಣಗಳನ್ನು ತೆಗೆದು ದೇಶಕ್ಕೆಲ್ಲ ಒಂದೇ ಕಿಲೋವನ್ನು ತಂದಿತು; ಈಗಿರುವುದು 2009ರ ಕಾನೂನು ಮಾಪನ ಕಾಯಿದೆ. ಬದನೆಕಾಯಿ ಮಾರುವವಳ ತಕ್ಕಡಿಗೂ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳಬೇಕು, ಇಲ್ಲದಿದ್ದರೆ ದಂಡ. ಬಿಸ್ಕತ್ತಿನ ಪೊಟ್ಟಣದ ಮೇಲೆ ನಿವ್ವಳ ತೂಕ, ತಯಾರಿಸಿದವರ ಹೆಸರು ವಿಳಾಸ, ತಿಂಗಳು, ಗರಿಷ್ಠ ಬೆಲೆ ಅಚ್ಚಾಗಿರಬೇಕು. ಪತ್ರಿಕೆಗಳು ಎಷ್ಟು ಪ್ರತಿ ಹೋಗುತ್ತವೆಂದು ಬಾಯಿಗೆ ಬಂದಂತೆ ಹೇಳಿ ಜಾಹೀರಾತು ಪಡೆಯುವುದನ್ನು ತಡೆಯಲು 1948ರಲ್ಲಿಯೇ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಸ್ಥಾಪನೆಯಾಯಿತು. ಪತ್ರಿಕೆಯವರೂ ಜಾಹೀರಾತುದಾರರೂ ಏಜೆನ್ಸಿಗಳೂ ಒಟ್ಟಿಗೆ ಕೂತು, ಹೊರಗಿನ ಲೆಕ್ಕಪರಿಶೋಧಕರಿಂದ ಪರೀಕ್ಷೆ ಮಾಡಿಸುವ ಏರ್ಪಾಡು ಅದು. ಇಂಥ ಏರ್ಪಾಡಿದ್ದ ಮಾತ್ರಕ್ಕೆ ಮೋಸ ನಿಲ್ಲುತ್ತದೆಂದು ನಾವು ಹೇಳುವುದಿಲ್ಲ. 2020ರಲ್ಲಿ ಟಿವಿ ವಾಹಿನಿಗಳ ಟಿಆರ್‌ಪಿ ಗಲಾಟೆಯೆದ್ದು ಸುದ್ದಿವಾಹಿನಿಗಳ ಅಂಕಿಗಳನ್ನೇ ನಿಲ್ಲಿಸಬೇಕಾಯಿತು. ಆದರೆ ಅಲ್ಲಿ ಕೇಳುವುದಕ್ಕೆ ಒಂದು ಬಾಗಿಲಾದರೂ ಇತ್ತು. ಹುಡುಕಾಟದ ಎಣಿಕೆಯಲ್ಲಿ ಎಣಿಸುವವರೂ ಅವರೇ, ಎಣಿಕೆ ತೋರಿಸಿ ಜಾಹೀರಾತು ಮಾರುವವರೂ ಅವರೇ. ತನ್ನ ಸರಕನ್ನು ತಾನೇ ಅಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ಫೇಸ್‌ಬುಕ್ ಸಾಕ್ಷಿ. ಜನ ವಿಡಿಯೋ ನೋಡುವ ಸರಾಸರಿ ಹೊತ್ತನ್ನು ಎರಡು ವರ್ಷ ಕಾಲ ಹೆಚ್ಚಾಗಿ ತೋರಿಸಿದ್ದೆವೆಂದು 2016ರಲ್ಲಿ ಅದೇ ಒಪ್ಪಿಕೊಂಡಿತು.

ವರ್ತಕರಿಗೆ ತಟ್ಟುವ ಇನ್ನೊಂದು ಪೆಟ್ಟನ್ನು ಹೇಳಲೇಬೇಕು. ನಿಮ್ಮ ಹೆಸರನ್ನು ಎಷ್ಟು ಜನ ಹುಡುಕುತ್ತಾರೆಂಬ ಅಂಕಿ ನಿಮಗೆ ಮಾತ್ರ ಕಾಣುವುದಿಲ್ಲ, ನಿಮ್ಮ ಪ್ರತಿಸ್ಪರ್ಧಿಗೂ ಕಾಣುತ್ತದೆ. ಆ ಹೆಸರೇ ಗೂಗಲ್‌ನಲ್ಲಿ ಹರಾಜಿಗೆ ಕೂರುತ್ತದೆ. ನಿಮ್ಮ ಅಂಗಡಿಯ ಹೆಸರು ಹುಡುಕಿದವರಿಗೆ ಮೊಟ್ಟಮೊದಲು ಕಾಣಬೇಕಾದದ್ದು ತನ್ನ ಅಂಗಡಿಯೆಂದು ಅವನು ಸವಾಲು ಕೂಗಬಹುದು. ತಡೆಯಬೇಕಾದರೆ ನಿಮ್ಮ ಹೆಸರಿಗೆ ನೀವೇ ಸವಾಲು ಕೂಗಬೇಕು. ಅಪ್ಪ ಕಟ್ಟಿದ ಹೆಸರನ್ನು ಮಗ ದಿನದಿನವೂ ಬಾಡಿಗೆಗೆ ಪಡೆಯುವ ಸ್ಥಿತಿ! ಸರಕು ಸಾಗಣೆಯ ಅಗರ್ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಎಂಬ ಹೆಸರಿನ ಬಗ್ಗೆ ಇಂಥದೇ ವ್ಯಾಜ್ಯ ದೆಹಲಿ ಹೈಕೋರ್ಟಿಗೆ ಹೋಯಿತು. ತಾನು ಬರಿಯ ಮಧ್ಯವರ್ತಿಯೆಂಬ ಗೂಗಲ್‌ನ ವಾದವನ್ನು 2023ರ ಆಗಸ್ಟಿನಲ್ಲಿ ವಿಭಾಗೀಯ ಪೀಠ ಒಪ್ಪಲಿಲ್ಲ. ಜಾಹೀರಾತಿಗಾಗಿ ಟ್ರೇಡ್‌ಮಾರ್ಕನ್ನು ಕೀವರ್ಡ್ ಮಾಡಿ ಮಾರುವುದು ಆ ಮಾರ್ಕಿನ ಬಳಕೆಯೇ, ಗೂಗಲ್ ಅದರಲ್ಲಿ ಸಕ್ರಿಯ ಪಾಲುದಾರನೇ ಎಂದಿತು. ಹಾಗೆಂದು ಪ್ರತಿಯೊಂದು ಹರಾಜೂ ಅಪರಾಧವಲ್ಲ. ಗಿರಾಕಿ ಮೋಸ ಹೋಗುವಂತಿದ್ದರೆ ಮಾತ್ರ ಹಕ್ಕಿನ ಭಂಗ ಎಂದೂ ಹೇಳಿತು. ನೋಂದಾಯಿತ ಮಾರ್ಕು ಇಲ್ಲದ ಅಂಗಡಿಯವರಿಗೆ ಇದರಿಂದ ಸಿಗುವ ಆಸರೆ ಕಡಿಮೆ. ವರ್ತಕ ಸಂಘದವರು ಈ ಅಂಶವನ್ನು ಗಮನಿಸಬೇಕು.

ಇಷ್ಟೊಂದು ಅಧಿಕಾರ ಒಂದೇ ಕೈಗೆ ಬಂದದ್ದು ಹೇಗೆಂಬುದನ್ನು ಅಮೆರಿಕದ ಕೋರ್ಟೇ ಹೇಳಿದೆ. 2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯವನ್ನು ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ಫೋನು, ಬ್ರೌಸರುಗಳಲ್ಲಿ ತನ್ನದೇ ಪೆಟ್ಟಿಗೆ ಮೊದಲಿರಬೇಕೆಂದು ಅದು 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ತೆತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಧೀಶರು ಹುಡುಕಾಟದ ಮಾಹಿತಿಯಲ್ಲಿ ಕೆಲವನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು ಆಜ್ಞೆ ಮಾಡಿದರು. ಒಂದು ದೊಡ್ಡ ಕಂಪೆನಿಯಿಂದ ಇನ್ನೊಂದಕ್ಕೆ ಕೊಡಿಸಿದರೆ ನಮಗೇನು ಬಂತೆಂದು ಕೇಳಬಹುದು. ಬಾಗಿಲು ತೆರೆಯಲಾರದ್ದೇನಲ್ಲವೆಂಬುದಂತೂ ಗೊತ್ತಾಯಿತು.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಬಳಿಕ ಮಾಹಿತಿ ಸಂರಕ್ಷಣೆಯ ಕಾಯಿದೆ ಬರಲು ಆರು ವರ್ಷ ಬೇಕಾಯಿತು, 2023. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪೆನಿಗಳ ಮುಖ್ಯ ಬಾಧ್ಯತೆಗಳಿಗೆ ಅಲ್ಲಿಂದ ಮುಂದೆ ಹದಿನೆಂಟು ತಿಂಗಳ ವಾಯಿದೆ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಮಾಹಿತಿ ಬಳಸಕೂಡದೆಂದು ಕಾಯಿದೆ ಹೇಳುತ್ತದೆ. ಆದರೆ ಹೆಸರು ಕಿತ್ತು ರಾಶಿ ಹಾಕಿದ ಎಣಿಕೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಮಾತು ಅದರಲ್ಲಿಲ್ಲ. ಆದ್ದರಿಂದ ಮಾಪನ ಇಲಾಖೆಗೋ ಬೇರೊಂದು ಮಂಡಲಿಗೋ ಈ ಅಧಿಕಾರ ಕೊಡಬೇಕು. ಹುಡುಕಾಟದ ಅಂಕಿಗಳನ್ನು ದುಡ್ಡಿಗೆ ಮಾರುವ ಪ್ರತಿಯೊಬ್ಬರೂ ಅದು ಯಾವ ಮೂಲದ್ದು, ಯಾವ ಪದದ್ದು, ಯಾವ ತಿಂಗಳುಗಳದ್ದು, ಎಣಿಸಿದ್ದೋ ಅಂದಾಜು ಮಾಡಿದ್ದೋ, ಯಾರ ಒಪ್ಪಿಗೆಯಿಂದ ಸಂಗ್ರಹಿಸಿದ್ದೋ ಎಂಬುದನ್ನು ಬಿಸ್ಕತ್ತಿನ ಪೊಟ್ಟಣದ ಹಾಗೆ ಮೇಲೆಯೇ ಬರೆಯುವಂತಾಗಬೇಕು. ಇದು ದೊಡ್ಡ ಬೇಡಿಕೆಯೇನಲ್ಲ. ಉಪ್ಪಿನಕಾಯಿ ಹಾಕಿ ಮಾರುವ ಹೆಣ್ಣುಮಗಳಿಗೆ ಸಾಧ್ಯವಾದದ್ದು ಈ ಕಂಪೆನಿಗಳಿಗೆ ಸಾಧ್ಯವಾಗಲಾರದೆ?

ಅದು ಆಗುವವರೆಗೆ ಕೈಲಾದದ್ದನ್ನು ಮಾಡಿಕೊಳ್ಳಬೇಕು. ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್ನುಗಳಲ್ಲಿ ಎಲ್ಲ ಪುಟಗಳನ್ನೂ ಓದುವ ಅನುಮತಿ ಕೇಳುವಂಥವುಗಳನ್ನು, ಬಿಟ್ಟಿ ಸಿನಿಮಾದ್ದಾಗಲಿ, ಕೂಪನ್ನಿನದಾಗಲಿ, ಮಗನನ್ನೋ ಮಗಳನ್ನೋ ಕೂರಿಸಿಕೊಂಡು ತೆಗೆದುಹಾಕಿರಿ. ಇನ್ನು ಅಂಗಡಿಗೆ ಏಜೆಂಟ್ ಬಂದರೆ ಅವನನ್ನು ಬೈದು ಕಳಿಸುವುದು ಬೇಡ. ಅವನೂ ಕಮಿಷನ್ನಿಗೆ ದುಡಿಯುವ ಹುಡುಗ. ಒಂದು ಲೋಟ ಚಹ ಕೊಟ್ಟು, ಅವನ ಎದುರಿಗೇ ಟ್ರೆಂಡ್ಸಿನ ಕಿಟಕಿ ತೆರೆದು, ಅವನು ತೋರಿಸಿದ ಹೆಸರನ್ನೇ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಹಾಕಿಸಿರಿ. ಹನ್ನೆರಡು ತಿಂಗಳಿದ್ದದ್ದನ್ನು ಐದು ವರ್ಷಕ್ಕೆ, ಇಡೀ ಭಾರತವಿದ್ದದ್ದನ್ನು ಕರ್ನಾಟಕಕ್ಕೆ ಬದಲಿಸಲು ಹೇಳಿರಿ. ಗೆರೆ ಎಷ್ಟು ಸಲ ಮೇಲೆ ಕೆಳಗೆ ಕುಣಿಯುತ್ತದೆಂದು ಇಬ್ಬರೂ ಕೂತು ನೋಡಿದ ಮೇಲೆ ದರದ ಮಾತಾಡಿರಿ.